ಅಂಬಿಗನಿಗೆ ಹಾಕಿದ ಎಲೆ

ಹೊಳೆಯೊಂದು ಬಳಸಿಕೊಂಡು ಹೋಗುವ ಒಂದು ಊರಿತ್ತು. ಆ ಊರಿನಲ್ಲಿ ಕಾದಂಬರಿ ಬರೆಯುವವರ ಮನೆಗಳಿಗೆ ಒಂದು ಕಟ್ಟಳೆ ಇತ್ತು. ಅವರು ಯಾರನ್ನು ಬರೆಯುತ್ತಾರೋ ಅವರು ಬೆಳಗಾಗುತ್ತಲೇ ಮನೆ ಬಾಗಿಲಿಗೆ ಬರುತ್ತಿದ್ದರು. ನೆರಳಿನ ಹಾಗಲ್ಲ, ಹೊಗೆಯ ಹಾಗಲ್ಲ. ಕೈಕಾಲು ಮೈ ಇದ್ದು, ಹಸಿವು ಬಾಯಾರಿಕೆ ಇದ್ದು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದರು. ಯಾವ ಊರು, ಯಾರ ಪೈಕಿ ಎಂದು ಮನೆಯವರು ಕೇಳುವಂತಿರಲಿಲ್ಲ. ಕೂರಲು ಚಾಪೆ ಹಾಸಬೇಕು, ಮಧ್ಯಾಹ್ನ ಎಲೆ ಹಾಕಿ ಬಡಿಸಬೇಕು. ಆ ಮನೆಯ ಅನ್ನ ಬಿಟ್ಟರೆ ಬೇರೆ ಯಾವ ಅನ್ನವೂ ಅವರ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಮನೆಯವರು ಯಾರಾದರೂ ‘ಎದ್ದು ಹೋಗು’ ಎಂದರೆ ಅವರು ಎದ್ದು ಹೋಗಬೇಕು. ಹಾಗೆ ಅಂದವರೇ ಬಂದು ಕರೆಯುವ ತನಕ ಮತ್ತೆ ಹೊಸ್ತಿಲು ತುಳಿಯುವಂತಿಲ್ಲ. ಕಾದಂಬರಿ ಮುಗಿದ ದಿನ ಅವರು ಕೊನೆಯ ಊಟ ಉಂಡು ಹಿತ್ತಲ ಬಾಗಿಲಿನಿಂದ ಹೊರಟುಹೋಗುತ್ತಿದ್ದರು. ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ.

ಆ ಊರಿನಲ್ಲಿ ಒಬ್ಬ ಹೆಂಗಸು ಕಾದಂಬರಿ ಬರೆಯುತ್ತಿದ್ದಳು. ಊರವರು ಅವಳನ್ನು ಬರೆಯುವವಳು ಎಂದೇ ಕರೆಯುತ್ತಿದ್ದರು. ಅವಳ ಗಂಡ ಜೊಂಡಿನ ಚಾಪೆ ನೇಯುತ್ತಿದ್ದ, ಅವನು ಚಾಪೆಯವನು. ಇಬ್ಬರಿಗೂ ಮನೆಯೇ ಕೆಲಸದ ಜಾಗ. ಅವಳದು ಒಳಕೋಣೆ, ಅವನದು ಜಗುಲಿ. ಮಕ್ಕಳಿರಲಿಲ್ಲ.

ಮನೆಯಲ್ಲೇ ಕೂತು ಮಾಡುವ ಕೆಲಸವನ್ನು ಲೋಕ ಕೆಲಸವೆಂದು ಒಪ್ಪುವುದಿಲ್ಲ. ಚಾಪೆಯವನ ಕೆಲಸವನ್ನಾದರೂ ಒಪ್ಪುತ್ತಿತ್ತು, ಸಂಜೆಗೆ ಒಂದು ಚಾಪೆ ಕಣ್ಣಿಗೆ ಕಾಣುತ್ತಿತ್ತಲ್ಲ. ಬರೆಯುವವಳದು ಹಾಗಲ್ಲ. ಪಕ್ಕದ ಮನೆಯ ಅಜ್ಜಿ ಹಪ್ಪಳದ ತಟ್ಟೆ ತಂದು, “ಮನೇಲೇ ಇರ್ತಾಳಲ್ಲ, ಕಾಗೆ ಬರದ ಹಾಗೆ ಸ್ವಲ್ಪ ನೋಡ್ಕೊಳ್ಳಲಿ” ಅನ್ನುತ್ತಿದ್ದಳು. ನೆಂಟರು ಹೇಳದೆ ಕೇಳದೆ ಬಂದು, “ಹೇಗೂ ಸುಮ್ಮನೆ ಕೂತಿರ್ತೀಯ” ಎಂದು ಕಾಲು ಚಾಚುತ್ತಿದ್ದರು. ಹಾಲಿನವಳು, ಹಳೇ ಪಾತ್ರೆಯವನು, ಮದುವೆಗೆ ಕರೆಯಲು ಬಂದವರು, ಎಲ್ಲರನ್ನೂ ಚಾಪೆಯವನೇ ಜಗುಲಿಯಲ್ಲಿ ತಡೆಯುತ್ತಿದ್ದ. “ಅವಳು ಕೆಲಸದಲ್ಲಿದ್ದಾಳೆ,” ಅನ್ನುತ್ತಿದ್ದ. ಹಪ್ಪಳವನ್ನು ತಾನೇ ಕಾಯುತ್ತಿದ್ದ. ಅಡುಗೆಯನ್ನೂ ತಾನೇ ಮಾಡುತ್ತಿದ್ದ. ಅವಳು ಒಳಗೆ ಒಂದು ಸಾಲು ಬರೆದು ಹೊಡೆದುಹಾಕುವುದು, ಗೋಡೆಯಿಂದ ಗೋಡೆಗೆ ಓಡಾಡುವುದು, ಬೆನ್ನು ಹಿಡಿದುಕೊಂಡು ಕಿಟಕಿ ಹತ್ತಿರ ನಿಲ್ಲುವುದು, ಕಾಫಿಯನ್ನು ಕುಡಿಯದೆ ಮರೆತು ಕೆನೆ ಕಟ್ಟಿಸುವುದು, ಎಲ್ಲವೂ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬೇಸರವಿರಲಿಲ್ಲ. ಹಿಂದಿನ ಕಾದಂಬರಿ ಬರೆಯುವಾಗ ಹಲ್ಲಿಲ್ಲದ ಒಬ್ಬ ಮುದುಕಿ ಬರುತ್ತಿದ್ದಳು. ಅವಳಿಗೆಂದೇ ಅವನು ಅನ್ನವನ್ನು ಮೆತ್ತಗೆ ಬೇಯಿಸಿ, ಸಾರು ಕಲಸಿ ಇಡುತ್ತಿದ್ದ. ಅದಕ್ಕೂ ಹಿಂದೆ ಒಬ್ಬ ಕಳ್ಳ ಬಂದಿದ್ದ. ಅವನಿಗೂ ಬಡಿಸಿದ್ದ, ಊಟವಾದ ಮೇಲೆ ಲೋಟಗಳನ್ನು ಎಣಿಸಿಕೊಂಡಿದ್ದ, ಅಷ್ಟೆ.

ಆಮೇಲೆ ಅಂಬಿಗ ಬಂದ.

ಒಂದು ಬೆಳಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ನಿಂತಿದ್ದ. ಎತ್ತರದ ಆಳು. ಮೊಣಕಾಲಿನ ತನಕ ಒದ್ದೆ. ಅವನು ನಡೆದ ಕಡೆಯೆಲ್ಲ ನೆಲದ ಮೇಲೆ ನೀರಿನ ಹೆಜ್ಜೆ ಮೂಡುತ್ತಿತ್ತು. ಬರೆಯುವವಳು ಒಳಗಿನಿಂದ, “ಬಾ, ನಿನಗೇ ಕಾಯ್ತಾ ಇದ್ದೆ,” ಅಂದಳು.

ಅಂದಿನಿಂದ ಬೆಳಗಾಗುತ್ತಿತ್ತು, ಬಾಗಿಲು ತೆರೆಯುತ್ತಿತ್ತು, ಅಂಬಿಗ ಬರುತ್ತಿದ್ದ. ಕೋಣೆಯ ಬಾಗಿಲು ಅರ್ಧ ಮುಚ್ಚುತ್ತಿತ್ತು. ಚಾಪೆಯವನು ಜಗುಲಿಯಲ್ಲಿ ಕೂತು ಜೊಂಡು ಸೀಳುತ್ತಿದ್ದ. ಆ ಮುಚ್ಚಿದ ಅರ್ಧದಿಂದ ಏನೂ ಕಾಣುತ್ತಿರಲಿಲ್ಲ, ತೆರೆದ ಅರ್ಧದಿಂದ ಎಲ್ಲವೂ ಕೇಳುತ್ತಿತ್ತು.

“ಹೊಳೆ ತುಂಬಿದಾಗ ನಿನಗೆ ಮೊದಲು ಯಾರ ನೆನಪಾಗುತ್ತೆ?”

“ಚಿಕ್ಕವನಿದ್ದಾಗ ಯಾವ ತಿಂಡಿ ಅಂದ್ರೆ ಆಸೆ?”

“ನಿನಗೆ ಸಿಟ್ಟು ಬಂದ್ರೆ ಮಾತು ನಿಲ್ಲಿಸ್ತೀಯೋ, ಜಾಸ್ತಿ ಮಾಡ್ತೀಯೋ?”

ಅಂಬಿಗ ನಿಧಾನವಾಗಿ ಹೇಳುತ್ತಿದ್ದ. ಅವನು ಹೇಳುವ ತನಕ ಅವಳು ಕಾಯುತ್ತಿದ್ದಳು. ಆ ಕಾಯುವುದು ಚಾಪೆಯವನಿಗೆ ಮುಳ್ಳಾಯಿತು. ತಾನು ‘ಉಪ್ಪು ಸರಿಯಿದೆಯಾ’ ಎಂದು ಕೇಳಿದರೆ ಅವಳು ‘ಹೂಂ’ ಎನ್ನುವುದು ತಟ್ಟೆ ತೊಳೆದಿಟ್ಟ ಮೇಲೆ. ತಾನು ಮಾತಿನ ನಡುವೆ ಒಂದು ಪದಕ್ಕೆ ತಡವರಿಸಿದರೆ ಅವಳ ಕಣ್ಣು ಆಗಲೇ ಕಿಟಕಿಯ ಕಡೆ ಹೋಗಿರುತ್ತಿತ್ತು. ಇಷ್ಟು ವರ್ಷದಲ್ಲಿ ಅವನಿಗೆ ಯಾವ ತಿಂಡಿ ಆಸೆ ಎಂದು ಅವಳು ಕೇಳಿದ್ದು ಅವನಿಗೆ ನೆನಪಿಲ್ಲ. ಇವನೇ ತಿಂಡಿ ಮಾಡುವವನಾದ ಮೇಲೆ ಕೇಳುವುದಾದರೂ ಏಕೆ?

ಹೊಟ್ಟೆಕಿಚ್ಚು ಒಮ್ಮೆಗೇ ಹೊತ್ತಿಕೊಳ್ಳಲಿಲ್ಲ. ಮೊದಲು ಎಲೆಗೆ ಇಳಿಯಿತು. ಅಂಬಿಗನಿಗೆ ಹಾಕುವ ಎಲೆ ಸಣ್ಣದಾಯಿತು, ಅಂಚು ಹರಿದದ್ದಾಯಿತು. ಆಮೇಲೆ ಸಾರಿಗೆ ಇಳಿಯಿತು. ತಿಳಿಯೆಲ್ಲ ಅವನಿಗೆ, ಗಟ್ಟಿಯೆಲ್ಲ ಮನೆಯವರಿಗೆ. ಆಮೇಲೆ ಚಾಪೆಗೆ ಇಳಿಯಿತು. ನೇಯ್ಗೆ ತಪ್ಪಿದ, ಮಾರಲು ಬಾರದ ಚಾಪೆ ಅವನ ಪಾಲಿಗೆ ಬಂತು. ಅಂಬಿಗ ಅದಕ್ಕೆಲ್ಲ ಬೇಸರ ಪಡಲಿಲ್ಲ. ಹರಿದ ಎಲೆಯ ಮೇಲೆ ಸಾರು ಹರಿದು ಹೋಗದ ಹಾಗೆ ಅನ್ನದ ಕಟ್ಟೆ ಕಟ್ಟಿಕೊಂಡು, “ಅಣ್ಣಾ, ಇನ್ನೊಂದು ಚೂರು ಹಾಕು,” ಎಂದು ಕೈ ಚಾಚುತ್ತಿದ್ದ. ಉಣ್ಣುವಾಗ ಅವನ ಮುಖ ಎಷ್ಟು ತೃಪ್ತಿಯಿಂದ ಇರುತ್ತಿತ್ತೆಂದರೆ, ಬಡಿಸುವವನಿಗೆ ಅದೂ ಒಂದು ಕಿಚ್ಚು.

ಸಂಜೆ ಅಂಬಿಗ ಹೋದ ಮೇಲೂ ಅವಳ ಮನಸ್ಸಿನಿಂದ ಹೋಗುತ್ತಿರಲಿಲ್ಲ. ಬರೆಯುವವಳು ಊಟ ಮಾಡುತ್ತ ತಟ್ಟನೆ ನಗುತ್ತಿದ್ದಳು. “ಏನು?” ಎಂದರೆ, “ಏನಿಲ್ಲ ರೀ, ಅವನು ಹುಟ್ಟು ಹಾಕೋವಾಗ ನಾಲಿಗೆ ಕಚ್ಕೋತಾನಂತೆ,” ಎನ್ನುತ್ತಿದ್ದಳು. ಚಾಪೆಯವನು ತಾನು ಚಾಪೆಯ ಅಂಚು ಕಟ್ಟುವಾಗ ಏನು ಮಾಡುತ್ತೇನೆ ಎಂದು ನೆನಪಿಸಿಕೊಳ್ಳಲು ನೋಡುತ್ತಿದ್ದ. ಏನೂ ಹೊಳೆಯುತ್ತಿರಲಿಲ್ಲ. ನೋಡಿದವರಿದ್ದರಲ್ಲವೇ ಹೇಳುವುದಕ್ಕೆ.

ಹೀಗಿರುವಾಗ ಒಂದು ಬೆಳಗ್ಗೆ ಜೊಂಡು ಸೀಳುವ ಚೂರಿ ಜಾರಿತು. ಹೆಬ್ಬೆರಳು ಆಳವಾಗಿ ಕೊಯ್ದುಹೋಯಿತು. ರಕ್ತ ಚಾಪೆಯ ಮೇಲೆ ಹನಿಯಿತು, ಜಗುಲಿಯ ಮೇಲೆ ಹನಿಯಿತು, ಕೋಣೆಯ ಬಾಗಿಲ ತನಕ ಹನಿಯಿತು. ಚಾಪೆಯವನು ಬೆರಳು ಒತ್ತಿ ಹಿಡಿದು ಬಾಗಿಲಲ್ಲಿ ನಿಂತ.

“ಇಲ್ಲಿ ನೋಡು,” ಅಂದ.

ಬರೆಯುವವಳು ಬೆನ್ನು ತಿರುಗಿಸಿ ಕೂತಿದ್ದಳು. ಅಂಬಿಗನ ಅಂಗೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಅದರಲ್ಲಿದ್ದ ಒಂದು ಹಳೆಯ ಗಾಯದ ಗೆರೆಯನ್ನು ನೋಡುತ್ತಿದ್ದಳು. “ಇದು ಆದಾಗ ತುಂಬಾ ನೋವಾಯ್ತಾ?” ಎಂದು ಅವನನ್ನು ಕೇಳುತ್ತಿದ್ದಳು. ಗಂಡನ ಕಡೆ ತಿರುಗದೆಯೇ, “ಸ್ವಲ್ಪ ತಡೀರಿ,” ಅಂದಳು.

ಅವನು ತಡೆದ. ಅವಳು ತಿರುಗಲಿಲ್ಲ. ಅವನು ಅಡುಗೆಮನೆಗೆ ಹೋಗಿ ಅರಿಸಿನ ಒತ್ತಿ, ಹಳೆಯ ಪಂಚೆಯ ಚೂರು ಹರಿದು, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕಟ್ಟಿಕೊಂಡ. ಆಮೇಲೆ ಆ ಕೈಯಲ್ಲೇ ಅಡುಗೆ ಮಾಡಿದ. ಆ ಕೈಯಲ್ಲೇ ಎಲೆ ಹಾಕಿದ.

ಬರೆಯುವವಳು ಬರೆದದ್ದನ್ನು ತಿದ್ದುತ್ತ ಇನ್ನೂ ಒಳಗೇ ಇದ್ದಳು. ಅಂಬಿಗ ಬಂದು ಕೂತ. ಎರಡು ತುತ್ತು ಉಂಡ. ಮೂರನೆಯ ತುತ್ತು ಎತ್ತಿದವನು ಹಾಗೆಯೇ ತಡೆದು, ಬಡಿಸುವ ಕೈಯನ್ನು ನೋಡಿದ.

“ಅಣ್ಣಾ, ಬೆರಳಿಗೆ ಏನಾಯ್ತು?”

ಯಾರ ಬಾಯಿಂದ ಬರಬೇಕಾಗಿದ್ದ ಮಾತು ಯಾರ ಬಾಯಿಂದ ಬಂತು! ಚಾಪೆಯವನ ಕಣ್ಣು ಕತ್ತಲಿಟ್ಟಿತು.

“ಎದ್ದು ಹೋಗು,” ಅಂದ.

ಅಂಬಿಗ ಕೈಯಲ್ಲಿದ್ದ ತುತ್ತನ್ನು ನೋಡಿದ. ಊಟದ ನಡುವೆ ಎಲೆಯ ಮುಂದಿನಿಂದ ಶತ್ರುವನ್ನೂ ಎಬ್ಬಿಸಬಾರದು ಎನ್ನುತ್ತಾರೆ. ಅಂಬಿಗ ತುತ್ತನ್ನು ಎಲೆಯ ಮೇಲಿಟ್ಟ. ಎದ್ದ. ಎಂಜಲು ಕೈಯಲ್ಲೇ ಮುಂಬಾಗಿಲು ದಾಟಿ ಹೋದ. ಚಾಪೆಯವನು ಎಲೆ ಮಡಿಸಿ ಹಿತ್ತಲಿಗೆ ಎಸೆದ. ನೆಲದ ಮೇಲಿನ ನೀರಿನ ಹೆಜ್ಜೆಗಳನ್ನು ಬಟ್ಟೆ ಹಾಕಿ ಒರೆಸಿದ.

ಮಾರನೆಯ ಬೆಳಗ್ಗೆ ಬಾಗಿಲು ತೆರೆಯಿತು. ಯಾರೂ ಬರಲಿಲ್ಲ.

“ಅವನು ಬಂದನಾ?” ಎಂದು ಬರೆಯುವವಳು ಒಳಗಿನಿಂದ ಕೇಳಿದಳು.

“ಕಾಣಲಿಲ್ಲ,” ಎಂದ ಚಾಪೆಯವನು.

ಅವಳು ಕಾದಳು. ಮಧ್ಯಾಹ್ನ ಕೋಣೆಯಿಂದ ಹೊರಗೆ ಬಂದಳು. ಅಡುಗೆಮನೆಯಲ್ಲಿ ಈಳಿಗೆಮಣೆ ಎಳೆದುಕೊಂಡು ಸೋರೆಕಾಯಿ ಹೆಚ್ಚಲು ಕೂತಳು. ಚಾಪೆಯವನಿಗೆ ಒಳಗೊಳಗೇ ಹಬ್ಬ. ಇಬ್ಬರೂ ಎದುರುಬದುರು ಕೂತು ಉಂಡರು. ಸಂಜೆ ಒಟ್ಟಿಗೆ ಸಂತೆಗೆ ಹೋದರು. ಅವಳು ಜಗುಲಿಗೆ ಬಂದು ಅವನ ಪಕ್ಕದಲ್ಲಿ ಜೊಂಡು ಆರಿಸಿಕೊಟ್ಟಳು. ಬೆರಳಿನ ಬಟ್ಟೆಯನ್ನು ಕೊನೆಗೂ ನೋಡಿ, “ಅಯ್ಯೋ, ಯಾವಾಗ ಆಯ್ತು ರೀ?” ಅಂದಳು. ಅವನು ಬಾಯಿ ತೆರೆದ. ಅಷ್ಟರಲ್ಲಿ ಬೀದಿಯಲ್ಲಿ ಯಾರದೋ ಹೆಜ್ಜೆ ಸಪ್ಪಳ ಕೇಳಿ ಅವಳು ಆ ಕಡೆ ತಿರುಗಿದಳು. ಹೆಜ್ಜೆ ಮುಂದೆ ಹೋಯಿತು. ಅವಳ ಮುಖ ಬೀದಿಯ ಕಡೆಗೇ ಉಳಿಯಿತು.

ದಿನ ಕಳೆದಂತೆ ಅವನಿಗೆ ತಿಳಿಯಿತು: ಹೆಂಡತಿ ಮರಳಿ ಬಂದಿಲ್ಲ, ಅವಳ ಮೈ ಮಾತ್ರ ಕೋಣೆಯಿಂದ ಹೊರಗೆ ಬಂದಿದೆ. ಸೋರೆಕಾಯಿಯನ್ನು ಅವಳು ಹೆಚ್ಚುತ್ತಲೇ ಇರುತ್ತಿದ್ದಳು, ಅದು ಪಲ್ಯಕ್ಕೂ ಬಾರದಷ್ಟು ಪುಡಿಯಾಗುವ ತನಕ. ಆರಿಸಿದ ಬೇಳೆಯನ್ನೇ ಮತ್ತೆ ಆರಿಸುತ್ತಿದ್ದಳು. ಜಗುಲಿಯಲ್ಲಿ ಈಗ ಯಾರನ್ನೂ ತಡೆಯುವ ಕೆಲಸವಿರಲಿಲ್ಲ. ನೆಂಟರು ಬಂದು ನಡುಮನೆಯಲ್ಲಿ ಕಾಲು ಚಾಚಿದರು. ಪಕ್ಕದ ಮನೆಯ ಅಜ್ಜಿ ಹಪ್ಪಳದ ಜೊತೆ ಉಪ್ಪಿನಕಾಯಿ ಭರಣಿಯನ್ನೂ ತಂದಿಟ್ಟು, “ಈಗ ಮನುಷ್ಯಳಾದಳು ನೋಡು ನಿನ್ನ ಹೆಂಡ್ತಿ,” ಎಂದು ಹೊಗಳಿದಳು. ಬರೆಯುವವಳು ಎಲ್ಲರಿಗೂ ಕಾಫಿ ಕೊಟ್ಟಳು, ಎಲ್ಲರ ಮಾತಿಗೂ ತಲೆಯಾಡಿಸಿದಳು. ಬೇರೆ ಯಾರನ್ನಾದರೂ ಬರೆಯಲು ನೋಡಿದಳು. ಬಾಗಿಲಿಗೆ ಯಾರೂ ಬರಲಿಲ್ಲ.

“ನಾನೇ ಏನೋ ತಪ್ಪು ಮಾಡಿದೆ ರೀ,” ಅಂದಳು ಒಂದು ಸಂಜೆ. “ಅವನ ಬಾಯಲ್ಲಿ ಅವನು ಆಡದ ಮಾತು ಯಾವುದೋ ಇಟ್ಟಿರ್ತೀನಿ. ಅದಕ್ಕೇ ಬಿಟ್ಟು ಹೋದ.”

ಚಾಪೆಯವನು ತಲೆ ಬಗ್ಗಿಸಿ ಅಂಚು ಕಟ್ಟುತ್ತಿದ್ದ. ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅವಳು ತನ್ನನ್ನೇ ದೂರಿಕೊಳ್ಳುವಾಗಲೂ ಅವಳ ದನಿಯಲ್ಲಿ ಅಂಬಿಗನೇ ಇದ್ದ. ಅವನನ್ನು ಮನೆಯಿಂದ ಅಟ್ಟಿದ್ದಾಯಿತು, ಈ ದನಿಯಿಂದ ಅಟ್ಟುವುದು ಹೇಗೆ?

ಆಮೇಲೊಂದು ಬೆಳಗ್ಗೆ ಅವನು ಎದ್ದಾಗ ಅವಳು ಒಲೆಯ ಮುಂದೆ ಕೂತಿದ್ದಳು. ಬರೆದ ಹಾಳೆಗಳೆಲ್ಲ ತೊಡೆಯ ಮೇಲಿದ್ದವು. ಮೇಲಿನದೊಂದನ್ನು ಸುರುಳಿ ಸುತ್ತುತ್ತಿದ್ದಳು.

“ಏನು ಮಾಡ್ತಾ ಇದ್ದೀಯ?”

“ಸೌದೆ ಹಸಿ ಇದೆ. ಒಲೆ ಹೊತ್ತಿಸೋಕಾದ್ರೂ ಆಗುತ್ತೆ.”

ಅವಳ ಕಣ್ಣಲ್ಲಿ ನೀರಿರಲಿಲ್ಲ. ಅದನ್ನು ನೋಡಿ ಅವನಿಗೆ ಭಯವಾಯಿತು. ಅವನು ಬಗ್ಗಿ ಹಾಳೆಗಳನ್ನು ಅವಳ ಕೈಯಿಂದ ಬಿಡಿಸಿಕೊಂಡ, ಸುರುಳಿಯನ್ನು ತೊಡೆಯ ಮೇಲಿಟ್ಟು ನೇರ ಮಾಡಿದ, ಎಲ್ಲವನ್ನೂ ಕೋಣೆಯ ಮೇಜಿನ ಮೇಲಿಟ್ಟು ಬಂದ. “ಒಲೆ ನಾನು ಹೊತ್ತಿಸ್ತೀನಿ, ನೀನು ಏಳು,” ಅಂದ. ಒಲೆ ಹೊತ್ತಿಸಿದ. ಹೊಳೆಯ ಕಡೆ ಹೊರಟ.

ಅಂಬಿಗ ದಡದಲ್ಲಿ, ಮಗುಚಿ ಹಾಕಿದ ದೋಣಿಗೆ ಒರಗಿ ಕೂತಿದ್ದ. ಎತ್ತರದ ಆಳು ಬಡಿಗೆಯ ಹಾಗೆ ಒಣಗಿದ್ದ. ಕಾಲು ಕೂಡ ಒಣಗಿತ್ತು. ಯಾರೋ ಕೊಟ್ಟ ರೊಟ್ಟಿ ಪಕ್ಕದಲ್ಲಿತ್ತು, ಒಂದು ಕಡೆ ಕಚ್ಚಿದ ಗುರುತಿತ್ತು.

“ತಿನ್ನಲಿಲ್ವಾ?” ಎಂದ ಚಾಪೆಯವನು, ಬೇರೇನು ಹೇಳುವುದೆಂದು ತೋಚದೆ.

“ತಿಂದೆ ಅಣ್ಣಾ. ನಿಲ್ಲಲ್ಲ.” ಅಂಬಿಗ ಅವನ ಬೆರಳನ್ನೇ ನೋಡಿ, “ಮಾಯ್ತಾ?” ಅಂದ.

ಚಾಪೆಯವನು ಸ್ವಲ್ಪ ದೂರದಲ್ಲಿ ಕುಕ್ಕರುಗಾಲಲ್ಲಿ ಕೂತ. ನೀರು ತನ್ನ ಪಾಡಿಗೆ ಹರಿಯುತ್ತಿತ್ತು.

“ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು,” ಅಂದ.

“ಗೊತ್ತು. ಎಲೆ ನೋಡಿದ್ರೆ ತಿಳಿಯುತ್ತಲ್ಲ.” ಅಂಬಿಗನ ಮುಖದಲ್ಲಿ ಒಂದು ಚೂರು ನಗೆ ಬಂತು. “ನಾನು ಅವಳನ್ನ ಏನಂತ ಕರೀತೀನಿ, ಕೇಳಿಸ್ಕೊಂಡಿದ್ದೀಯ? ಅವ್ವ ಅಂತೀನಿ.”

ಆ ಪದ ಅವರ ಮನೆಯಲ್ಲಿ ಬೇರೆ ಯಾರ ಬಾಯಿಂದಲೂ ಬಂದಿರಲಿಲ್ಲ, ಕಿಚ್ಚಿನಲ್ಲಿ ಅವನು ಅದನ್ನು ಗಮನಿಸಿಯೂ ಇರಲಿಲ್ಲ. ಚಾಪೆಯವನಿಗೆ ಎದೆಯಲ್ಲಿ ಏನೋ ಮಿಸುಕಿತು. ಆದರೂ ಕಿಚ್ಚು ಆರಲಿಲ್ಲ, ಬೂದಿ ಮುಚ್ಚಿಕೊಂಡು ಕೂತಿತು.

“ಏನಾದ್ರೂ ಕರಿ. ನಿನ್ನನ್ನ ಕೇಳಿದ ಹಾಗೆ ಅವಳು ನನ್ನನ್ನ ಒಂದು ದಿನವೂ ಕೇಳಿಲ್ಲ.”

“ಕೇಳಬಾರದು ಅಣ್ಣಾ,” ಎಂದ ಅಂಬಿಗ. “ಅವಳು ಕೇಳೋದನ್ನ ನೀನು ಬಾಗಿಲ ಹೊರಗಿಂದ ಕೇಳಿಸ್ಕೊಂಡಿದ್ದೀಯ. ಎದುರಿಗೆ ಕೂತಿಲ್ಲ. ಒಂದೊಂದು ಮಾತು ಹೇಳಿದಾಗಲೂ ಅದು ಅವಳದಾಗುತ್ತೆ, ನನ್ನಲ್ಲಿ ಉಳಿಯಲ್ಲ. ನಮ್ಮಜ್ಜಿ ಮಾಡ್ತಿದ್ದ ಕಡುಬಿನ ರುಚಿ ಹೇಳಿದೆ, ಅವತ್ತಿಂದ ಆ ರುಚಿ ನನಗೆ ಮರೆತುಹೋಯ್ತು. ಎಲ್ಲಾ ಹೇಳಿ ಮುಗಿದ ಮೇಲೆ ಕಡೇಲಿ ನಾನು ಹೊಳೆಗೆ ಹೋಗ್ತೀನಿ. ಮುಳುಗ್ತೀನಿ.”

“ಅವಳು ಹಾಗಂದಳಾ?”

“ಅವ್ವ ಯಾಕೆ ಅಂತಾಳೆ? ಅವಳು ಕೇಳೋ ರೀತೀಲೇ ತಿಳಿಯುತ್ತೆ. ಬದುಕೋರನ್ನ ಹಾಗೆ ಯಾರೂ ಕೇಳಲ್ಲ.”

ಚಾಪೆಯವನು ಹೊಳೆಯ ಕಡೆ ನೋಡಿದ. ತಾನು ಹರಿದ ಎಲೆ ಹಾಕಿದ್ದು ಯಾರಿಗೆ ಎಂದು ಅವನಿಗೆ ಆಗ ತಿಳಿಯಿತು.

“ಹಾಗಾದ್ರೆ ಬರಬೇಡ,” ಅಂದ. ಅಂದಮೇಲೆ ತನ್ನ ಮಾತಿಗೆ ತಾನೇ ಬೆರಗಾದ. “ನಾನು ಕರೆಯಲ್ಲ. ಕರೆಯದಿದ್ರೆ ನೀನು ಬರೋ ಹಾಗಿಲ್ಲ. ಇಲ್ಲೇ ಇರು. ಅವಳು ಹೇಗೋ ಸುಧಾರಿಸ್ಕೋತಾಳೆ.”

“ಹಸಿವು ಅಣ್ಣಾ,” ಎಂದ ಅಂಬಿಗ, ಸಣ್ಣ ದನಿಯಲ್ಲಿ. “ಇದನ್ನ ನೀನು ಕಂಡಿಲ್ಲ. ಸಾವೂ ಬರಲ್ಲ, ಊಟವೂ ಸೇರಲ್ಲ. ಅರ್ಧ ಎಲೆಯಿಂದ ಎದ್ದು ಬಂದಿದ್ದೀನಿ. ಉಂಡು ಏಳಬೇಕು.” ಆಮೇಲೆ ಮುಖ ಎತ್ತಿ ನೇರವಾಗಿ ನೋಡಿದ. “ಕರೀತೀಯೋ, ಇಲ್ವೋ?”

ಹೊಳೆಯ ಮೇಲೆ ಬಿಸಿಲು ಏರಿತು. ಚಾಪೆಯವನು ಎದ್ದು ನಿಂತ, ಪಂಚೆಯ ಮರಳು ಕೊಡವಿದ.

“ಬಾ ತಮ್ಮಾ,” ಅಂದ. “ಮನೆಗೆ ಬಾ.”

ಅವರು ಬರುವಾಗ ಬರೆಯುವವಳು ಹೊಸ್ತಿಲಲ್ಲಿ ನಿಂತಿದ್ದಳು. ಅಂಬಿಗನ ಕಾಲು ಮತ್ತೆ ಒದ್ದೆಯಾಗಿತ್ತು, ಬೀದಿಯುದ್ದಕ್ಕೂ ನೀರಿನ ಹೆಜ್ಜೆ. ಅವಳು ಎಲ್ಲಿ ಹೋಗಿದ್ದೆ ಎನ್ನಲಿಲ್ಲ, ಯಾರು ಕರೆತಂದರು ಎನ್ನಲಿಲ್ಲ. “ಬಾ, ಕೂತ್ಕೋ,” ಅಂದಳು. ಇಬ್ಬರೂ ಒಳಗೆ ಹೋದರು. ಕೋಣೆಯ ಬಾಗಿಲು ಅರ್ಧ ಮುಚ್ಚಿತು. ಗಂಡನ ಮುಖವನ್ನು ಅವಳು ನೋಡಲೂ ಇಲ್ಲ. ಬೂದಿಯ ಕೆಳಗಿನ ಕೆಂಡ ಮತ್ತೆ ಕಣ್ಣು ಬಿಟ್ಟಿತು. ಅವನು ಅದನ್ನು ಹೊತ್ತುಕೊಂಡೇ ಅಡುಗೆಮನೆಗೆ ಹೋದ, ದೊಡ್ಡ ಎಲೆ ಕೊಯ್ದ, ಗಟ್ಟಿ ಬೇಳೆ ಬೇಯಿಸಿದ.

ಮತ್ತೆ ಬೆಳಗಾಗುತ್ತಿತ್ತು, ಬಾಗಿಲು ತೆರೆಯುತ್ತಿತ್ತು, ಅಂಬಿಗ ಬರುತ್ತಿದ್ದ. ಜಗುಲಿಗೆ ಬಂದವರನ್ನು ಚಾಪೆಯವನು ಮತ್ತೆ ತಡೆದ. ಅಜ್ಜಿಯ ಭರಣಿಯನ್ನು ಅವಳ ಮನೆಗೇ ಮುಟ್ಟಿಸಿ ಬಂದ. ನುಣುಪಾದ ಹೊಸ ಚಾಪೆಯೊಂದನ್ನು ನೇಯ್ದು ಅಂಬಿಗನಿಗೆ ಹಾಸಿದ. ಕಡುಬು ಮಾಡಿದ. ಅಂಬಿಗ ಅದನ್ನು ಯಾವತ್ತೂ ತಿಂದೇ ಇಲ್ಲದವನ ಹಾಗೆ ತಿಂದು, “ಇದೇನು ಅಣ್ಣಾ, ಇಷ್ಟು ಚೆನ್ನಾಗಿದೆ?” ಎಂದು ಕೇಳಿದ. ಚಾಪೆಯವನು ಇನ್ನೊಂದು ಬಡಿಸಿದ.

ಅವಳ ಪ್ರಶ್ನೆಗಳು ಕಡಿಮೆಯಾಗುತ್ತ ಬಂದವು. ಆಮೇಲೆ ಒಂದು ದಿನ ಕೋಣೆಯಲ್ಲಿ ಮಾತೇ ಕೇಳಲಿಲ್ಲ, ಲೇಖನಿಯ ಸದ್ದು ಮಾತ್ರ. ಆಮೇಲೆ ಅದೂ ನಿಂತು ಅಳುವಿನ ಸದ್ದು ಬಂತು.

ಅಂಬಿಗ ಹೊರಗೆ ಬಂದು ಎಲೆಯ ಮುಂದೆ ಕೂತ. ಅನ್ನ ಹಾಕಿಸಿಕೊಂಡ, ಸಾರು ಹಾಕಿಸಿಕೊಂಡ, ಪಲ್ಯ ಕೇಳಿ ಹಾಕಿಸಿಕೊಂಡ, ಮಜ್ಜಿಗೆಯನ್ನು ಅಂಗೈಯಲ್ಲಿ ಬಳಿದು ಕುಡಿದ. ಆತುರವಿರಲಿಲ್ಲ. ಎಲೆಯ ಮೇಲೆ ಒಂದಗಳೂ ಉಳಿಯಲಿಲ್ಲ. ಚಾಪೆಯವನು ತಾನೇ ಅವನ ಕೈಗೆ ನೀರು ಹಾಕಿದ.

“ಹೊಟ್ಟೆ ತುಂಬ್ತು ಅಣ್ಣಾ,” ಎಂದು ಅಂಬಿಗ ಹಿತ್ತಲ ಬಾಗಿಲು ತೆರೆದ. ಕರಿಬೇವಿನ ಗಿಡದ ಪಕ್ಕ ಹಾದು, ಬೇಲಿಯ ಸಂದಿಯಲ್ಲಿ ಬಗ್ಗಿ, ಹೊಳೆಯ ಕಡೆ ಇಳಿದ. ಚಾಪೆಯವನು ನೋಡುತ್ತ ನಿಂತ. ನೆಲದ ಮೇಲಿನ ನೀರಿನ ಹೆಜ್ಜೆಗಳನ್ನು ಒರೆಸಲು ಅವನಿಗೆ ಕೈ ಬರಲಿಲ್ಲ. ಅವು ತಾವಾಗಿ ಆರಿದವು.

ಬರೆಯುವವಳು ಹಾಸಿಗೆ ಹಿಡಿದವಳ ಹಾಗೆ ಅತ್ತಳು. ಗೋಡೆಗೆ ಮುಖ ಮಾಡಿ ಅತ್ತಳು, ತಲೆ ಬಾಚಿಕೊಳ್ಳದೆ ಅತ್ತಳು. ಚಾಪೆಯವನು ಗಂಜಿ ಮಾಡಿ ಕುಡಿಸಿದ. ಅವನಿಗೂ ದುಃಖವಿತ್ತು, ಊಟದ ಹೊತ್ತಿಗೆ ಕೈ ತಾನಾಗಿಯೇ ಇನ್ನೊಂದು ಎಲೆಗೆ ಹೋಗುತ್ತಿತ್ತು. ಆದರೆ ಅವಳ ತಲೆ ಸವರುತ್ತ ಕೂತಾಗ ಒಳಗಿನಿಂದ ಒಂದು ದನಿ ಕೇಳುತ್ತಲೇ ಇತ್ತು: ನಾನು ಸತ್ತರೆ ಇವಳು ಇಷ್ಟು ಅಳುತ್ತಾಳೆಯೇ? ಸತ್ತವನ ಮೇಲೂ ಕಿಚ್ಚು ಪಡುವ ತನ್ನನ್ನು ಕಂಡು ಅವನಿಗೆ ನಾಚಿಕೆಯಾಗುತ್ತಿತ್ತು. ನಾಚಿಕೆಯಾದರೂ ದನಿ ನಿಲ್ಲುತ್ತಿರಲಿಲ್ಲ.

ನಿಧಾನವಾಗಿ ಅವಳು ಎದ್ದಳು. ತಲೆಗೆ ನೀರೆರೆದುಕೊಂಡಳು. ಒಂದು ಬೆಳಗ್ಗೆ ಒದ್ದೆ ಕೂದಲು ಹರಡಿಕೊಂಡು ಅಡುಗೆಮನೆಗೆ ಬಂದು ಗೋಡೆಗೆ ಒರಗಿ ಕೂತಳು. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಚಾಪೆಯವನು ಕೊತ್ತಂಬರಿ ಬಿಡಿಸುತ್ತಿದ್ದ. ಅವಳು ಅವನ ಕೈಗಳನ್ನು ನೋಡಿದಳು. ಮುಖವನ್ನು ನೋಡಿದಳು. ನೋಡುತ್ತಲೇ ಇದ್ದಳು.

“ರೀ,” ಅಂದಳು. “ಚಿಕ್ಕವರಿದ್ದಾಗ ನಿಮ್ಮಮ್ಮ ನಿಮ್ಮನ್ನ ಏನಂತ ಕರೀತಿದ್ರು?”

ಕೊತ್ತಂಬರಿ ಅವನ ಕೈಯಲ್ಲಿ ನಿಂತಿತು. ಆ ದನಿ ಅವನಿಗೆ ಗೊತ್ತಿತ್ತು. ಅರ್ಧ ಮುಚ್ಚಿದ ಬಾಗಿಲಿನಿಂದ ಅದನ್ನು ಬೆಳಗ್ಗೆ ಬೆಳಗ್ಗೆ ಕೇಳಿದ್ದ. ಆ ನೋಟವನ್ನು ಇವತ್ತು ಮೊದಲ ಬಾರಿ ಎದುರಿನಿಂದ ಕಂಡ. ಎಷ್ಟು ಮೃದುವಾಗಿತ್ತು, ಎಷ್ಟು ಹಸಿದಿತ್ತು. ಆ ದಾರಿ ಕೊನೆಗೆ ಹಿತ್ತಲ ಬಾಗಿಲಿಗೇ ಹೋಗುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ‘ಏನೋ, ನೆನಪಿಲ್ಲ’ ಎಂದರೆ ಮುಗಿಯುತ್ತಿತ್ತು. ಅವಳು ಒತ್ತಾಯ ಮಾಡುತ್ತಿರಲಿಲ್ಲ. ಎದ್ದು ಹೋಗುತ್ತಿದ್ದಳು, ಬೇರೆ ಯಾರೋ ಬಾಗಿಲಿಗೆ ಬರುತ್ತಿದ್ದರು, ಅವರಿಗೆ ಅವನು ಎಲೆ ಹಾಕುತ್ತಿದ್ದ, ತಾನು ಬಹಳ ಕಾಲ ಬದುಕುತ್ತಿದ್ದ.

ಅವಳು ಕಾಯುತ್ತಿದ್ದಳು. ಅವನು ಪದಕ್ಕೆ ತಡವರಿಸಿದರೂ ಅವಳ ಕಣ್ಣು ಕಿಟಕಿಯ ಕಡೆ ಹೋಗಲಿಲ್ಲ.

“ಗಿಡ್ಡಾ ಅಂತ,” ಎಂದ ಚಾಪೆಯವನು. “ಎತ್ತರ ಬೆಳೆದ ಮೇಲೂ ಹಾಗೇ ಕರೀತಿದ್ಲು.”

ಅವಳು ಹತ್ತಿರ ಸರಿದು ಕೂತಳು. “ಯಾವಾಗ ಕರೀತಿದ್ರು? ಸಿಟ್ಟಲ್ಲೋ, ಮುದ್ದಲ್ಲೋ?”

ಅವನು ಹೇಳತೊಡಗಿದ. ಹೇಳಿದಷ್ಟೂ ಇನ್ನೂ ಹೇಳಬೇಕೆನಿಸಿತು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಒಲೆಯ ಮೇಲೆ ಅನ್ನ ತಳ ಹತ್ತಿ, ಸೀದು, ಮನೆಯೆಲ್ಲ ವಾಸನೆ ತುಂಬಿತು. ಇಬ್ಬರೂ ಏಳಲಿಲ್ಲ.